ತುಟಿ ಮುಂದೆ, ಮಾತು ಹಿಂದೆ

ನಾವು ಮಾತಾಡುವಾಗ ಅಕ್ಕೋರು ನಮ್ಮ ಕಣ್ಣು ನೋಡುತ್ತಿರಲಿಲ್ಲ, ತುಟಿ ನೋಡುತ್ತಿದ್ದರು. ಹಣೆಯ ವಿಭೂತಿ ಸುಕ್ಕಾಗುವಷ್ಟು ಹುಬ್ಬು ಕೂಡಿಸಿ, ಬಲಗಿವಿ ಮುಂದೆ ಮಾಡಿ ಕೂಡುತ್ತಿದ್ದರು. ಎಡಗಿವಿ ಯಾವಾಗಲೋ ಹೋಗಿತ್ತು. ಬಲಗಿವಿಯ ಮಷಿನ್ನಿನಿಂದ ಬಂದ ಅರ್ಧ ಮಾತಿಗೆ ತುಟಿಯಿಂದ ಇನ್ನರ್ಧ ಸೇರಿಸಿಕೊಳ್ಳುತ್ತಿದ್ದರು. ಹೊಸಬರಿಗೆ ಇದು ಗೊತ್ತೇ ಆಗುತ್ತಿರಲಿಲ್ಲ.

ಕುಂದಗೋಳದ ಶಾಲೆಯಲ್ಲಿ ನನಗೆ ಗಣಿತ ಕಲಿಸಿದವರು ಅವರು. ಮದುವೆಯಾಗಿ ನಾನು ಬಂದು ಸೇರಿದ್ದೂ ಅವರ ಎದುರು ಮನೆಗೇ. ಲೆಕ್ಕ ತಪ್ಪಿದರೆ ಬೈಯುತ್ತಿರಲಿಲ್ಲ. "ಎಲ್ಲಾ ಒಮ್ಮೆಲೇ ಅಳಸಬ್ಯಾಡ. ಒಂದ ತಿದ್ದು, ಮತ್ತ ನೋಡು" ಎನ್ನುತ್ತಿದ್ದರು. ಸಾರು ಕೆಟ್ಟರೂ, ಹೊಲಿಗೆ ಮಷಿನ್ನು ಕೆಟ್ಟರೂ ಇದೇ ಮಾತು.

ಅವರ ಯಜಮಾನರು ಯರಗುಪ್ಪಿಯ ಹೊಲ ನೋಡಿಕೊಳ್ಳುತ್ತಿದ್ದರು. ಅಗದಿ ಮಿತಭಾಷಿ. ಸಂಜೆ ಬಂದು ಕೈಕಾಲು ತೊಳೆದು ಕಟ್ಟೆಯ ಮೇಲೆ ಕೂತರೆ ಊಟದ ತನಕ ತುಟಿ ಬಿಚ್ಚುತ್ತಿರಲಿಲ್ಲ. "ನನ್ನ ಕಿವಿ ಹೋದ ಮ್ಯಾಲೆ ನನ್ನ ಕೂಡ ಮಾತಾಡೂದು ಅವರಿಗೆ ಬ್ಯಾಸರ ಆಗೇತಿ" ಎಂದು ಅಕ್ಕೋರು ಒಮ್ಮೆ ಶಾವಿಗೆ ಒಣಹಾಕುತ್ತಾ ನನ್ನ ಮುಂದೆ ಹೇಳಿದ್ದರು. ಹೇಳಿ, ಬೇರೆ ಮಾತು ತೆಗೆದಿದ್ದರು.

ಅಕ್ಕೋರ ನಿವೃತ್ತಿಯ ದಿನ ಶಾಲೆಯಲ್ಲಿ ಸಮಾರಂಭ ನಡೆಯಿತು. ಎಲ್ಲರ ಒತ್ತಾಯಕ್ಕೆ ಯಜಮಾನರೂ ಮೈಕಿನ ಮುಂದೆ ನಿಂತು ನಾಲ್ಕು ಮಾತಾಡಿದರು. ಅಕ್ಕೋರು ಅವರ ಬೆನ್ನ ಹಿಂದೆ ಕುಳಿತಿದ್ದರಿಂದ ತುಟಿ ಕಾಣಲಿಲ್ಲ. ಮೈಕಿನ ಗದ್ದಲಕ್ಕೆ ಮಷಿನ್ನು ಬರೀ ಗುಂಯ್ ಎಂದಿತು. ಮನೆಗೆ ಬಂದು ಏನಂದಿರಿ ಎಂದು ಕೇಳಿದರೆ ಯಜಮಾನರು ನಾಚಿಕೊಂಡು, "ಏನಿಲ್ಲ ಬಿಡು" ಎಂದರಂತೆ. ಆ ಮಳೆಗಾಲ ಮುಗಿಯುವುದರೊಳಗೆ ಎದೆನೋವು ಬಂದು ತೀರಿಕೊಂಡರು.

ವರ್ಷ ಕಳೆದ ಮೇಲೆ ಒಂದು ಮಧ್ಯಾಹ್ನ ಅಕ್ಕೋರು ಪೆನ್ ಡ್ರೈವ್ ಹಿಡಿದು ಬಂದರು. ಮಾಸ್ತರೊಬ್ಬರು ಅಂದು ಮೊಬೈಲಿನಲ್ಲಿ ತೆಗೆದ ವಿಡಿಯೋ ಅದರಲ್ಲಿತ್ತು. ದೊಡ್ಡ ಪರದೆಯಲ್ಲಾದರೆ ತುಟಿ ಕಂಡೀತೆಂದು ನಮ್ಮ ಕಂಪ್ಯೂಟರಿಗೆ ತಂದಿದ್ದರು. ಬಲಗಿವಿಯೂ ಬಹಳ ದಿನ ಉಳಿಯುವುದಿಲ್ಲ ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿದ್ದರು.

ವಿಡಿಯೋ ಹಚ್ಚಿದೆ. ಯಜಮಾನರ ತುಟಿ ಮುಂದೆ ಹೋಗುತ್ತಿತ್ತು, ಮಾತು ಹಿಂದಿನಿಂದ ಬರುತ್ತಿತ್ತು. ಅವರಂದದ್ದು ನನಗೆ ತಿಳಿಯಿತು. ಅಕ್ಕೋರಿಗೆ ಮಾತ್ರ ಕಣ್ಣು ಒಂದು ಹೇಳಿದರೆ ಕಿವಿ ಇನ್ನೊಂದು ಹೇಳುತ್ತಿತ್ತು. "ಹೊಳ್ಳಿ ಹಚ್ಚು" ಎಂದು ಮತ್ತೆ ಮತ್ತೆ ಹಾಕಿಸಿ ನೋಡಿದವರು ಕೊನೆಗೆ ತಲೆ ಅಲ್ಲಾಡಿಸಿದರು.

"ಅಕ್ಕೋರ, ಅವರಂದಿದ್ದು ನಾ ಬರದು ಕೊಡ್ತೀನ್ರಿ. ಓದಿಕೊಳ್ರಿ."

"ಬ್ಯಾಡ ತಂಗಿ. ನೀನೂ ಹೇಳಬ್ಯಾಡ. ಅವರ ಬಾಯಿಲೇ ಕೇಳಬೇಕು."

ಬ್ಲೂಟೂತಿನಲ್ಲಿ ಧ್ವನಿ ತುಸು ತಡವಾಗುತ್ತದೆಂದು ಮೊದಲು ಆ ಸ್ಪೀಕರ್ ತೆಗೆದು ವೈರಿನದನ್ನು ಸಿಕ್ಕಿಸಿದೆ. ಶುರುವಿನ ಮಾತು ತುಟಿಗೆ ಕೂಡಿತು. "ಎಲ್ಲಾರಿಗೂ ನಮಸ್ಕಾರ್ರಿ" ಎಂದು ಯಜಮಾನರು ಅಂದಾಗ ಅಕ್ಕೋರು ನಕ್ಕು ಕೈಮುಗಿದರು. ಮುಂದೆ ಹೋದಂತೆ ಮತ್ತೆ ಅಂತರ ಬೀಳತೊಡಗಿತು. ಪ್ಲೇಯರಿನಲ್ಲಿ ಧ್ವನಿಯನ್ನು ತುಸು ಮುಂದೆ ಸರಿಸಿದೆ. ಈಗ ಕೊನೆ ಕೂಡಿತು, ಶುರು ಕೆಟ್ಟಿತು. ತಲೆ ಕೆಟ್ಟು ಕಂಡಕಂಡ ಸೆಟ್ಟಿಂಗ್ ಬದಲಿಸತೊಡಗಿದಾಗ ಅಕ್ಕೋರು ನನ್ನ ಮುಂಗೈ ಹಿಡಿದರು. ನಾನು ಎಲ್ಲವನ್ನೂ ಮೊದಲಿನಂತೆ ಮಾಡಿ, ಒಂದೊಂದನ್ನೇ ತಿದ್ದಿ ನೋಡುತ್ತಾ ಬಂದೆ.

ಹಲವು ಮಧ್ಯಾಹ್ನಗಳು ಹೀಗೇ ಹೋದವು. ಅಷ್ಟರಲ್ಲಿ ಅವರಿಗೆ ಬಾಗಿಲು ಬಡಿದದ್ದು ಕೇಳಿಸದಂತಾಗಿತ್ತು. ನನಗೆ ಒಳಗೊಳಗೇ ಭಯ. ಕೊನೆಗೆ ಹುಡುಕಿ ಓದಿ ತಿಳಿದದ್ದು ಇಷ್ಟು: ಮೊಬೈಲು ಚಿತ್ರವನ್ನು ಒಂದೇ ವೇಗದಲ್ಲಿ ಹಿಡಿದಿರಲಿಲ್ಲ, ಬೆಳಕು ಕಡಿಮೆಯಾದಲ್ಲಿ ಕಡಿಮೆ ಚಿತ್ರ ಹಿಡಿದಿತ್ತು, ಹಚ್ಚಿದಾಗ ಅವು ಬೇಗ ಓಡಿ ಮುಗಿಯುತ್ತಿದ್ದವು. ಧ್ವನಿ ಮಾತ್ರ ಸಮನಾಗಿ ಓಡಿತ್ತು. ಹಾಗಾಗಿಯೇ ಹೋದಂತೆಲ್ಲ ಎರಡೂ ಅಗಲುತ್ತಿದ್ದವು. ಇಡೀ ವಿಡಿಯೋವನ್ನು ಒಂದೇ ವೇಗಕ್ಕೆ ಪರಿವರ್ತಿಸಿ, ಅಕ್ಕೋರನ್ನು ಕರೆತಂದು ಪರದೆಯ ಹತ್ತಿರ ಕೂಡಿಸಿದೆ.

ಯಜಮಾನರು ಟೊಪ್ಪಿಗೆ ಸರಿಮಾಡಿಕೊಂಡು ಹೇಳಿದರು: "ನಾ ಮನ್ಯಾಗ ಮಾತಾಡೂದಿಲ್ಲ ಅಂತ ಈಕಿಗೆ ಸಿಟ್ಟೈತ್ರಿ. ಮೆಲ್ಲಕ ಅಂದರ ಕೇಳಸೂದಿಲ್ಲ. ಜೋರ ಅಂದರ ಬೈದಂಗ ಆಕ್ಕೈತಿ. ಈಕಿಗೆ ಬೈದಂಗ ಮಾತಾಡಾಕ ನನ್ನ ಕಡಿಂದ ಆಗೂದಿಲ್ರಿ. ಅದಕ್ಕ ಸುಮ್ಮ ಇರತೀನಿ."

ತುಟಿ, ಮಾತು ಎರಡೂ ಕೂಡಿಯೇ ಬಂದವು. ಅಕ್ಕೋರು ಪರದೆಯ ಕಡೆ ಬಾಗಿ, "ಬೈದಂಗ ಆದರೂ ನಡೀತಿತ್ತಲ್ಲರೀ" ಎಂದರು. ಸೆರಗು ಬಾಯಿಗೆ ಒತ್ತಿಕೊಂಡರು. ನಾನು ಎದ್ದು ಅಡುಗೆಮನೆಗೆ ಹೋದೆ.

ಬಲಗಿವಿ ಪೂರ್ತಿ ಹೋದ ಮೇಲೂ ಬರುತ್ತಿದ್ದರು. ಸ್ಪೀಕರ್ ಬಂದ್ ಮಾಡಿಸಿ, ಯಜಮಾನರ ತುಟಿಯ ಜೊತೆಗೆ ಆ ಮಾತನ್ನು ತಾವೇ ಆಡುತ್ತಿದ್ದರು. ಅವರಿಗೆ ತಮ್ಮ ದನಿಯೂ ಕೇಳಿಸುತ್ತಿರಲಿಲ್ಲ. ಆದರೂ ಒಂದಕ್ಷರವೂ ಹಿಂದೆ ಬೀಳುತ್ತಿರಲಿಲ್ಲ.

ಬಿಳಿಜೋಳ ರಾಶಿಯಾಗುವ ಹೊತ್ತಿಗೆ ಅಕ್ಕೋರೂ ಹೋದರು. ಯರಗುಪ್ಪಿಯ ಹೊಲದಲ್ಲಿ ಯಜಮಾನರ ಬಾಜುವಿಗೇ ಮಣ್ಣು ಮಾಡಿದರು. ಅಲ್ಲಿಂದ ಬಂದು ಸ್ನಾನ ಮಾಡಿ ಹೊರಗೆ ಬಂದರೆ ನನ್ನ ಗಂಡ ಪಡಸಾಲೆಯಲ್ಲಿ ಪೇಪರ್ ಹಿಡಿದು ಕೂತಿದ್ದರು. ನಾನು ಎದುರಿಗೆ ಹೋಗಿ ಕೂತೆ.

"ಏನರ ಮಾತಾಡ್ರಿ" ಎಂದೆ.

ಅವರು ಗಾಬರಿಯಾಗಿ ಪೇಪರ್ ಕೆಳಗಿಟ್ಟರು. "ಏನ ಮಾತಾಡ್ಲಿ?"

"ಏನಾದರೂ ನಡೀತೈತ್ರಿ."