ಪಾರ್ಕಿನಲ್ಲಿ ಕೇಳಿದ ಎರಡು ಏಟು

ಜನ ರಜೆಯ ದಿನ ಬೆಳಿಗ್ಗೆ ಎದ್ದು ಕಣ್ಣು ಮುಚ್ಚಿಕೊಂಡು ಪಾರ್ಕಿನಲ್ಲಿ ನಡೆಯುತ್ತಾರೆ ಎಂದು ಅಕ್ಕ ಹೇಳಿದಾಗ ನಾನು ನಂಬಲಿಲ್ಲ.

"ಕಣ್ಣು ಮುಚ್ಚಿ ನಡೆಯೋಕೆ ಪಾರ್ಕ್ ಯಾಕೆ? ಮೆಟ್ರೋದಲ್ಲಿ ದಿನಾ ಅದನ್ನೇ ಮಾಡ್ತೀನಿ" ಅಂದೆ.

"ಸುಮ್ನೆ ಹೋಗಿ ಬಾ. ನಮ್ ಕನ್ನಡದವರೇ ಮಾಡ್ತಿರೋದು. ಮುನಿರ್ಕಾದಲ್ಲಿರೋ ಹುಡುಗಿ, ಯೂನಿವರ್ಸಿಟೀಲಿ ಶಬ್ದದ ಬಗ್ಗೇನೇ ಓದ್ತಾಳಂತೆ. ನಿನ್ನ ಕಿವಿಗೆ ಏನಾಗಿದೆ ಅಂತ ಅವಳಿಗಾದ್ರೂ ಗೊತ್ತಾಗತ್ತೇನೋ."

ಅಕ್ಕನ ಮನೆ ದಿಲ್ಲಿಯ ಜನಕಪುರಿಯಲ್ಲಿ. ಭಾವ ಸರ್ಕಾರಿ ಆಫೀಸಿನಲ್ಲಿ ಗುಮಾಸ್ತ. ನಾನು ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವನು. ಅವರ ಮನೆಯಲ್ಲೇ ಇದ್ದುಕೊಂಡು ಓಖ್ಲಾದ ಒಂದು ಪ್ರೆಸ್ಸಿಗೆ ಕೆಲಸಕ್ಕೆ ಹೋಗುತ್ತೇನೆ. ಅಲ್ಲಿ ಔಷಧಿಯ ಡಬ್ಬಿ, ಬೂಟಿನ ಡಬ್ಬಿ ತಯಾರಾಗುತ್ತವೆ.

ನನ್ನದು ಪಂಚಿಂಗ್ ಮಷಿನ್. ಅಚ್ಚಾದ ರಟ್ಟಿನ ಹಾಳೆಯನ್ನು ಡಬ್ಬಿಯ ಆಕಾರಕ್ಕೆ ಕತ್ತರಿಸುವುದು ಅದರ ಕೆಲಸ. ಕಬ್ಬಿಣದ ದೊಡ್ಡ ಬಾಯಿ ಇದ್ದ ಹಾಗಿದೆ. ತೆರೆಯುತ್ತದೆ, ಮುಚ್ಚುತ್ತದೆ. ನಾನು ಹಾಳೆ ಇಡುತ್ತೇನೆ, ಎದುರಿನವನು ಕತ್ತರಿಸಿದ್ದನ್ನು ತೆಗೆಯುತ್ತಾನೆ. ನಿಲ್ಲಿಸುವ, ನಡೆಸುವ ಹಿಡಿ ನನ್ನ ಕಡೆ ಇದೆ. ಶೆಡ್ಡಿನ ಗಲಾಟೆಯಲ್ಲಿ ಮಾತು ಕೇಳಿಸುವುದಿಲ್ಲ. ಅದಕ್ಕೆ ಎದುರಿನವನ ಹತ್ತಿರ ಒಂದು ಸ್ಪ್ಯಾನರ್ ಇರುತ್ತದೆ. ಒಳಗೆ ರಟ್ಟು ಸಿಕ್ಕಿಕೊಂಡರೆ ಅವನು ಮಷಿನ್ನಿನ ಮೈಗೆ ಎರಡು ಏಟು ಹೊಡೆಯುತ್ತಾನೆ. ನಿಲ್ಲಿಸು, ಕೈ ಹಾಕುತ್ತಿದ್ದೇನೆ ಎಂದು ಅರ್ಥ. ಕೈ ತೆಗೆದ ಮೇಲೆ ಒಂದು ಏಟು ಹೊಡೆಯುತ್ತಾನೆ. ಆಗ ನಡೆಸಬೇಕು. ಆ ಒಂದು ಕೇಳುವ ತನಕ ಹಿಡಿ ಮುಟ್ಟಬಾರದು. ಎರಡು ಕೇಳಿಯೂ ನಿಲ್ಲಿಸದಿದ್ದರೆ ಏನಾಗುತ್ತದೆ ಎಂದು ಬಿಡಿಸಿ ಹೇಳುವುದಿಲ್ಲ.

ನಾನು ಸೇರಿದಾಗಿನಿಂದ ಎದುರಿಗಿದ್ದದ್ದು ಕಲಬುರಗಿ ಕಡೆಯ ಒಬ್ಬ ಅಣ್ಣ. ವಯಸ್ಸಿನಲ್ಲಿ ನನ್ನ ಅಪ್ಪನಷ್ಟಿದ್ದ, ಆದರೂ ಅಣ್ಣ ಅನ್ನು ಅಂದಿದ್ದ. ಆ ಶೆಡ್ಡಿನಲ್ಲಿ ಕನ್ನಡ ಬರುತ್ತಿದ್ದದ್ದು ನಮ್ಮಿಬ್ಬರಿಗೇ. ಚಹಾದ ಹೊತ್ತಿನಲ್ಲಿ ಆಡುತ್ತಿದ್ದೆವು. ಉಳಿದ ಹೊತ್ತೆಲ್ಲ ಏಟಿನಲ್ಲೇ ಮಾತು. ಅವನ ಏಟು ಬೇರೆಯವರ ಥರ ಇರಲಿಲ್ಲ. ಮೊದಲನೆಯದು ಮೆಲ್ಲಗೆ, ಒಂದು ಉಸಿರು ಬಿಟ್ಟು ಎರಡನೆಯದು ಜೋರಾಗಿ.

ಚಳಿಗಾಲದಲ್ಲಿ ಅವನು ಸತ್ತ. ಮಷಿನ್ನಿನಿಂದಲ್ಲ, ಎದೆನೋವಿನಿಂದ. ಊರಿನಿಂದ ಮಗ ಬಂದು ಹೆಣ ಒಯ್ದ.

ಆಮೇಲಿಂದ ನನಗೆ ಅವನ ಎರಡು ಏಟು ಕೇಳಿಸುತ್ತದೆ. ಕೇಳಿಸಿದಾಗಲೆಲ್ಲ ಹಿಡಿ ಎಳೆಯುತ್ತೇನೆ. ಎದುರಿಗೆ ಈಗ ಬಿಹಾರದ ಹೊಸಬ. ಅವನ ಕೈ ಹೊರಗೇ ಇರುತ್ತದೆ. ಸ್ಪ್ಯಾನರ್ ಕೊಕ್ಕೆಯಲ್ಲಿ ನೇತಾಡುತ್ತಿರುತ್ತದೆ. ಅವನು ನನ್ನ ಮುಖ ನೋಡುತ್ತಾನೆ, ಏನೂ ಹೇಳುವುದಿಲ್ಲ. ಸೂಪರ್‌ವೈಸರ್ ಬಂದು ಬೈಯುತ್ತಾನೆ. ಇನ್ನೊಂದು ಸಲ ಕಾರಣ ಇಲ್ಲದೆ ನಿಲ್ಲಿಸಿದರೆ ಗೇಟಿನಿಂದ ಹೊರಗೆ ಎಂದಿದ್ದ. ನಿಲ್ಲಿಸಿದರೆ ಕೆಲಸ ಹೋಗುತ್ತದೆ. ಕೇಳಿಸಿದ್ದನ್ನು ಸುಳ್ಳು ಅಂದುಕೊಂಡು ನಿಲ್ಲಿಸದೆ ಹೋದರೆ, ಅದು ನಿಜವಾದ ದಿನ ಹೊಸಬನ ಕೈ ಹೋಗುತ್ತದೆ. ನನಗೆ ಗೊತ್ತಾಗಬೇಕಾದದ್ದು ಒಂದೇ. ಆ ಶಬ್ದ ತಲೆಯ ಒಳಗಿದೆಯೋ ಹೊರಗಿದೆಯೋ.

ಮನೆಯಲ್ಲೂ ಇದೇ ಕಥೆ. ಅಕ್ಕ ಸಾರು ಬಡಿಸಿ ಸೌಟನ್ನು ಪಾತ್ರೆಯ ಅಂಚಿಗೆ ಎರಡು ಸಲ ಕುಟ್ಟುತ್ತಾಳೆ. ನನ್ನ ತುತ್ತು ಬಾಯಿಯ ಹತ್ತಿರ ನಿಂತುಬಿಡುತ್ತದೆ.

"ಏನೋ, ಸ್ವಿಚ್ ಆಫ್ ಆದ ಹಾಗೆ ಕೂತಿದ್ದೀಯಾ?" ಎಂದು ಭಾವ ನಗುತ್ತಿದ್ದರು. ಅಕ್ಕ ನಗುತ್ತಿರಲಿಲ್ಲ. ಅದಕ್ಕೇ ನನ್ನನ್ನು ಪಾರ್ಕಿಗೆ ಕಳಿಸಿದಳು.

ಶಿವರಾತ್ರಿ ಕಳೆದು ಚಳಿ ಬಿಟ್ಟಿತ್ತು. ಪಾರ್ಕಿನ ಗೇಟಿನ ಹತ್ತಿರ ಕನ್ನಡದವರ ಒಂದು ಸಣ್ಣ ಗುಂಪು ನಿಂತಿತ್ತು. ರಿಟೈರಾದ ಒಬ್ಬ ಆಫೀಸರು, ಅವರ ಹೆಂಡತಿ, ಮೊಮ್ಮಗಳು, ಮತ್ತೆ ಕೆಲವು ಸ್ಟೂಡೆಂಟುಗಳು. ನಡೆಸುವ ಹುಡುಗಿ ನನಗಿಂತ ಸ್ವಲ್ಪ ದೊಡ್ಡವಳು, ಕಾಲಿಗೆ ಸವೆದ ಕ್ಯಾನ್ವಾಸ್ ಶೂ. ನಾನು ಮೇಡಂ ಅಂದೆ.

"ಮೇಡಂ ಎಲ್ಲ ಬೇಡ, ಅಕ್ಕ ಅನ್ನಿ ಸಾಕು" ಅಂದಳು.

"ಅಕ್ಕ ಮನೇಲಿ ಒಬ್ಳು ಇದ್ದಾಳೆ. ಅವಳೇ ಸಾಕಾಗಿದ್ದಾಳೆ."

ಅವಳು ನಕ್ಕು ಬಿಟ್ಟುಬಿಟ್ಟಳು. ಕೊನೆಯವರೆಗೂ ನಾನು ಮೇಡಂ ಅಂತಲೇ ಅಂದೆ.

ಅವಳು ಹೇಳಿದ್ದು ಇಷ್ಟು. ಫೋನ್ ಆಫ್ ಮಾಡಬೇಕು, ಮಾತಾಡಬಾರದು, ಮುಂದಿನವರ ಹೆಗಲ ಮೇಲೆ ಕೈ ಇಟ್ಟುಕೊಂಡು ಕಣ್ಣು ಮುಚ್ಚಿ ನಡೆಯಬೇಕು. "ಏನು ಕೇಳಿಸಿದ್ರೂ ತಕ್ಷಣ ಇದು ಇಂಥದ್ದು ಅಂತ ಹೆಸರು ಹೇಳಬೇಡಿ. ಮೊದಲು ಯಾವ ಕಡೆಯಿಂದ ಬರ್ತಿದೆ, ಎಷ್ಟು ದೂರದಲ್ಲಿದೆ, ಅಷ್ಟು ಮಾತ್ರ ನೋಡಿ" ಅಂದಳು.

"ಮನೇಲಿ ನಾನು ಪಕ್ಕದಲ್ಲೇ ನಿಂತು ಕೂಗಿದ್ರೂ ಇವ್ರಿಗೆ ಕೇಳಲ್ಲ" ಎಂದು ಆಫೀಸರ ಹೆಂಡತಿ ಹೇಳಿದರು. "ಇಲ್ಲಿ ಎಲೆ ಬಿದ್ದಿದ್ದು ಕೇಳತ್ತಂತೆ."

"ಎಲೆ ಒಂದೇ ಸಲ ಬೀಳತ್ತೆ ಕಣೇ. ನಿನ್ ಥರ ಅಲ್ಲ" ಅಂದರು ಆಫೀಸರು.

ಹೊರಟೆವು. ನನ್ನ ಕೈ ಆ ಪುಟ್ಟ ಮೊಮ್ಮಗಳ ಹೆಗಲ ಮೇಲೆ, ಆಫೀಸರ ಕೈ ನನ್ನ ಮೇಲೆ. ಮೊದಲಿಗೆ ಕೇಳಿಸಿದ್ದು ದಿಲ್ಲಿಯೇ. ಹೊರಗೆ ಬಸ್ಸು, ಹಾರ್ನು. ಯಾರದೋ ಜೇಬಿನಲ್ಲಿ ಭಜನೆ ನಮ್ಮನ್ನು ದಾಟಿ ಹೋಯಿತು. ಎಡಗಡೆ ಮುದುಕರು ಒಟ್ಟಿಗೆ ಸುಮ್ಮಸುಮ್ಮನೆ ನಗುತ್ತಿದ್ದರು. ವ್ಯಾಯಾಮವಂತೆ. ಎಲ್ಲೋ ಯಾರೋ ಒಣಗಿದ ಎಲೆ ಗುಡಿಸುತ್ತಿದ್ದರು. ತಲೆಯ ಮೇಲೆ ವಿಮಾನ ಬಂದಾಗ ಎಲ್ಲವೂ ಮುಳುಗಿಹೋಗುತ್ತಿತ್ತು. ಅದು ದೂರವಾದಂತೆ ಒಂದೊಂದೇ ವಾಪಸ್ ಬರುತ್ತಿತ್ತು. ಪೊರಕೆ, ನಗು, ನವಿಲು. ಬೂರುಗದ ಮರದ ಕೆಳಗೆ ಹೂ ಬೀಳುವುದು ಕೇಳಿಸಿತು. ಹೂ ಬಿದ್ದರೆ ಶಬ್ದವಾಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ದಪ್ ಎಂದು, ಹಸಿ ಬಟ್ಟೆ ಬಿದ್ದ ಹಾಗೆ.

ಆಗ ಬಂತು. ಟಂಕ್, ಟಂಕ್.

ನಾನು ನಿಂತುಬಿಟ್ಟೆ. ಆಫೀಸರು ನನ್ನ ಬೆನ್ನಿಗೆ ಗುದ್ದಿದರು, ಅವರಿಗೆ ಅವರ ಹೆಂಡತಿ, ಹಿಂದೆ ಉಳಿದವರು. ನನ್ನ ಬಲಗೈ ಮಗುವಿನ ಹೆಗಲು ಬಿಟ್ಟು ಗಾಳಿಯಲ್ಲಿ ಹಿಡಿ ಎಳೆದಿತ್ತು.

"ಬ್ರೇಕ್ ಹಾಕೋ ಮುಂಚೆ ಹಾರ್ನ್ ಹೊಡೀಬೇಕಪ್ಪಾ" ಅಂದರು ಆಫೀಸರು.

ಆದರೆ ಆ ಶಬ್ದ ಎರಡಕ್ಕೆ ನಿಲ್ಲಲಿಲ್ಲ. ಟಂಕ್ ಟಂಕ್ ಟಂಕ್ ಎಂದು ಒಂದೇ ಸಮನೆ ಹೋಗುತ್ತಲೇ ಇತ್ತು.

"ಚೆಂಬುಕುಟಿಗ ಅಂತ ಒಂದು ಹಕ್ಕಿ" ಅಂದಳು ಮೇಡಂ. "ಚೆಂಬು ಕುಟ್ಟಿದ ಹಾಗೆ ಕೂಗತ್ತೆ. ಎಲ್ರಿಗೂ ಕೇಳಿಸ್ತಲ್ಲ?"

ಎಲ್ಲರೂ ಹೂಂ ಅಂದರು. "ತಾತ, ದಿಖ್ ನಹೀ ರಹಾ" ಎಂದು ಮಗು ಕತ್ತೆತ್ತಿ ಮರ ನೋಡಿತು. ಹಕ್ಕಿ ನನಗೂ ಕಾಣಲಿಲ್ಲ. ಆದರೂ ಅಷ್ಟು ದಿನಕ್ಕೆ ಮೊದಲ ಸಲ ಎದೆ ಹಗುರಾಯಿತು. ಎಲ್ಲರಿಗೂ ಕೇಳಿಸಿದ ಮೇಲೆ ಅದು ಹೊರಗಿನದು, ಹಕ್ಕಿಯದ್ದು.

ಮತ್ತೆ ಸಾಲು ಹಿಡಿದು ಹಳೆಯ ಗೋರಿಯ ಹತ್ತಿರ ಬಂದೆವು. ಆ ಪಾರ್ಕಿನ ತುಂಬ ಗೋರಿಗಳು. ಜನ ಅವುಗಳ ಮೇಲೆ ಕೂತು ಪರಾಠಾ ತಿನ್ನುತ್ತಾರೆ. ಗೋಡೆಯ ಹಿಂದೆ ರಸ್ತೆಯ ಶಬ್ದ ಕತ್ತರಿಸಿದ ಹಾಗೆ ನಿಂತುಹೋಯಿತು. ಹಕ್ಕಿಯೂ ಹಿಂದೆ ಉಳಿದಿತ್ತು. ಅಲ್ಲಿ ನಿಂತು ಕೇಳಿ ಅಂದಳು ಮೇಡಂ. ಪಾರಿವಾಳಗಳು ಒಳಗೆ ಗೊಣಗುತ್ತಿದ್ದವು. ಆಫೀಸರ ಉಸಿರು ನನ್ನ ಕುತ್ತಿಗೆಗೆ ತಾಗುತ್ತಿತ್ತು.

ಮೆಲ್ಲಗೆ ಒಂದು. ಉಸಿರು. ಜೋರಾಗಿ ಒಂದು.

ಕಬ್ಬಿಣದ ಮೇಲೆ ಕಬ್ಬಿಣ. ಯಾವ ಕಡೆಯಿಂದ, ಎಷ್ಟು ದೂರ ಎಂದು ನೋಡಿದೆ. ನೇರ ಎದುರಿನಿಂದ. ಒಂದು ಮಷಿನ್ನಿನ ಅಗಲದಷ್ಟು ದೂರ. ಕಣ್ಣು ಬಿಟ್ಟೆ. ಅಷ್ಟು ದೂರದಲ್ಲಿ ಗೋರಿಯ ಗೋಡೆ ಇತ್ತು, ಬೇರೇನೂ ಇರಲಿಲ್ಲ.

ಕೇಳಿಸಿತಾ ಎಂದು ಆಫೀಸರನ್ನು ಕೇಳಿದೆ. ಇಲ್ಲ ಅಂದರು. ಅವರ ಹೆಂಡತಿ ಇಲ್ಲ ಅಂದರು. ಮಗು ತಲೆ ಅಲ್ಲಾಡಿಸಿತು. ಮೇಡಂ ನನ್ನ ಮುಖ ನೋಡಿ, ಉಳಿದವರನ್ನು ಹುಲ್ಲಿನ ಮೇಲೆ ಕೂರಿಸಿ, ನನ್ನನ್ನು ಪಕ್ಕಕ್ಕೆ ಕರೆದಳು. ನಾನು ಮಷಿನ್ನಿನ ವಿಷಯ, ಅಣ್ಣನ ವಿಷಯ, ಹೊಸಬನ ಕೈಯ ವಿಷಯ ಎಲ್ಲ ಹೇಳಿದೆ.

"ಮತ್ತೆ ಬಂದ್ರೆ ಎರಡೂ ಕಿವಿ ಒತ್ತಿ ಹಿಡೀರಿ. ಆಗ್ಲೂ ಕೇಳಿಸಿದ್ರೆ ಒಳಗಿಂದ್ದು. ನಿಂತ್ರೆ ಹೊರಗಿಂದ್ದು ಇರಬಹುದು" ಅಂದಳು.

ಕಾದೆವು. ಬಹಳ ಹೊತ್ತು. ಆಫೀಸರ ಹೆಂಡತಿ ಡಬ್ಬಿ ತೆಗೆದು ಎಲ್ಲರಿಗೂ ಕೋಡುಬಳೆ ಹಂಚಿದರು. ಇಷ್ಟು ಹೊತ್ತು ಬರದೆ ಇದ್ದದ್ದಕ್ಕೆ ನನಗೆ ನಾಚಿಕೆಯಾಗತೊಡಗಿತು. ಆಗ ಮೆಲ್ಲಗೆ ಒಂದು ಬಂತು. ಕಿವಿ ಒತ್ತಿದೆ. ಪ್ರೆಸ್ಸಿನ ಗಲಾಟೆ ಕಿವಿಗೆ ಕೊಟ್ಟ ಕುಂಯ್ ಶಬ್ದ ಮಾತ್ರ ಒಳಗೆ ಇತ್ತು. ಅದು ಯಾವಾಗಲೂ ಇರುವುದೇ. ಎರಡನೆಯ ಏಟು ಕೇಳಿಸಲಿಲ್ಲ.

"ನಿಂತೋಯ್ತು. ಯಾವಾಗ್ಲೂ ಇರೋ ಕುಂಯ್ ಮಾತ್ರ ಇದೆ. ಅಂದ್ರೆ ಹೊರಗಿಂದ್ದಾ?"

"ಒಂದೇ ಸಲಕ್ಕೆ ಹಾಗೆ ಹೇಳೋಕಾಗಲ್ಲ" ಅಂದಳು. "ನಂಗೆ ಏನೂ ಕೇಳಿಸ್ಲಿಲ್ಲ, ಅದೂ ನಿಜ. ನಿಮ್ಗೆ ಕೇಳಿಸ್ತು, ಅದೂ ಸುಳ್ಳಲ್ಲ. ಆ ಕುಂಯ್ ಅನ್ನೋದನ್ನ ಮಾತ್ರ ಬೇಗ ಡಾಕ್ಟರಿಗೆ ತೋರ್ಸಿ." ಆಮೇಲೆ ಕೇಳಿದಳು: "ಎರಡು ಹೊಡೆದ್ಮೇಲೆ ಅವ್ರು ಏನ್ ಮಾಡ್ತಿದ್ರು?"

"ಒಂದು ಹೊಡೀತಿದ್ದ. ಶುರು ಮಾಡು ಅಂತ."

"ಈಗ ಆ ಒಂದು ಬರತ್ತಾ?"

ಆಗ ನನಗೆ ಹೊಳೆಯಿತು.

ಕೊನೆಯ ದಿನ ಅಣ್ಣ ಎರಡು ಏಟು ಹೊಡೆದಿದ್ದ. ನಾನು ನಿಲ್ಲಿಸಿದೆ. ಅವನು ಒಳಗೆ ಕೈ ಹಾಕಲಿಲ್ಲ. ಸ್ಪ್ಯಾನರ್ ಕೊಕ್ಕೆಗೆ ಸಿಕ್ಕಿಸಿ, ಎದೆ ಉಜ್ಜಿಕೊಳ್ಳುತ್ತ ನನ್ನ ಹತ್ತಿರ ಬಂದು, "ತಡಿಯಪ್ಪಾ, ಹೊರಗ ಒಂಚೂರು ಗಾಳಿಗಿ ನಿಂತು ಬರ್ತೀನಿ" ಅಂದ. ಹೋದ. ನಾನು ಒಂದು ಏಟಿಗೆ ಕಾಯುತ್ತ ನಿಂತೆ. ಸೂಪರ್‌ವೈಸರ್ ಬಂದು ಬೇರೆ ಯಾರನ್ನೋ ಎದುರಿಗೆ ನಿಲ್ಲಿಸಿ, ತಾನೇ ಹಿಡಿ ಎಳೆದು ಮಷಿನ್ ನಡೆಸಿದ. ಅಣ್ಣ ವಾಪಸ್ ಬರಲಿಲ್ಲ.

"ಬರಲ್ಲ" ಅಂದೆ. "ಒಂದು ಬರೋದೇ ಇಲ್ಲ."

ವಿಮಾನ ಬಂತು. ಹೋಯಿತು.

ಮಾರನೇ ದಿನ ಕೆಲಸಕ್ಕೆ ಹೋದೆ. ಊಟದ ಹೊತ್ತಿಗಿಂತ ಮುಂಚೆ ಬಂತು, ಮೆಲ್ಲಗೆ, ಉಸಿರು, ಜೋರಾಗಿ. ಎರಡೂ ಕೈಯಲ್ಲಿ ಹಾಳೆ ಇತ್ತು, ಕಿವಿ ಒತ್ತುವುದು ಎಲ್ಲಿಂದ? ಕೆಲಸ ಹೋದರೆ ಹೋಗಲಿ ಎಂದು ಹಾಳೆ ಬಿಟ್ಟು ಹಿಡಿ ಎಳೆದೆ. ಮಷಿನ್ ನಿಂತಿತು. ಎದುರಿಗೆ ನೋಡಿದೆ. ಯಾವಾಗಲೂ ಮುಖ ನೋಡುತ್ತಿದ್ದೆ. ಅವತ್ತು ಅವನ ಕೈ ನೋಡಿದೆ. ಹೊಸಬ ಎರಡೂ ಕೈಯನ್ನು ಎದೆಗೆ ಒತ್ತಿಕೊಂಡಿದ್ದ. ನಾನು ನಿಲ್ಲಿಸಿದ್ದನ್ನು ನೋಡಿ ಕೈ ತೆಗೆದವನು ಹಾಗೆ ನಿಲ್ಲುವುದಿಲ್ಲ. ಏಟು ಬಿದ್ದಾಗಲೇ, ನಾನು ನಿಲ್ಲಿಸುವ ಮೊದಲೇ ತೆಗೆದಿದ್ದ.

ಹತ್ತಿರ ಹೋದೆ. "ತೂನೇ ಮಾರಾ?" ಎಂದು ಕೇಳಿದೆ, ನೀನು ಹೊಡೆದೆಯಾ ಎಂದು.

"ನಹೀ ಭಯ್ಯಾ. ಆಪ್‌ನೇ?"

ಅವನಿಗೂ ಕೇಳಿಸುತ್ತಿತ್ತು. ಬಂದ ದಿನದಿಂದ ಕೇಳಿಸುತ್ತಿತ್ತಂತೆ. ನಾನೇ ಹೊಡೆಯುತ್ತಿರಬೇಕು ಎಂದು ಮೊದಲು ನನ್ನ ಮೇಲೆ ಅನುಮಾನಪಟ್ಟಿದ್ದನಂತೆ. ಹೊಸ ಕೆಲಸ, ಹುಚ್ಚ ಅಂದಾರು ಎಂದು ಬಾಯಿ ಬಿಟ್ಟಿರಲಿಲ್ಲ.

ಸೂಪರ್‌ವೈಸರ್ ಓಡಿ ಬಂದ. ಯಾರು ನಿಲ್ಲಿಸಿದ್ದು ಎಂದು ಕೂಗಿದ. ನಾನು ಬಾಯಿ ತೆರೆಯುವ ಮೊದಲು ಹೊಸಬ ಹೇಳಿದ, "ದೋನೋ ನೇ." ಇಬ್ಬರೂ.

ಒಬ್ಬನನ್ನು ಹೊರಗೆ ಹಾಕುವುದು ಸುಲಭ. ಇಬ್ಬರನ್ನೂ ಹಾಕಿದರೆ ಮಷಿನ್ ಮಲಗುತ್ತದೆ. ಅವನು ಮೆಕ್ಯಾನಿಕನನ್ನು ಕರೆಸಿದ. ಮೆಕ್ಯಾನಿಕ್ ಎಲ್ಲ ನಟ್ಟು ಬೋಲ್ಟು ನೋಡಿ, ಯಾವುದೂ ಸಡಿಲ ಇಲ್ಲ ಎಂದು ಕೈ ಒರೆಸಿಕೊಂಡು ಹೋದ.

ನಾನು ಅಣ್ಣ ನಿಲ್ಲುತ್ತಿದ್ದ ಜಾಗಕ್ಕೆ ಹೋದೆ. ಕೊಕ್ಕೆಯಿಂದ ಸ್ಪ್ಯಾನರ್ ತೆಗೆದು ಮಷಿನ್ನಿನ ಮೈಗೆ ಒಂದು ಏಟು ಹೊಡೆದೆ. ವಾಪಸ್ ಬಂದು ಹಿಡಿ ಎಳೆದೆ. ಮಷಿನ್ ನಡೆಯಿತು. ಅವತ್ತು ಮತ್ತೆ ಬರಲಿಲ್ಲ.

ಮುಗಿದುಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಆ ವಾರವೇ ಮತ್ತೆ ಬಂತು. ಈಗಲೂ ಬರುತ್ತದೆ. ಬಂದರೆ ನಿಲ್ಲಿಸುತ್ತೇವೆ. ಇಬ್ಬರಲ್ಲಿ ಒಬ್ಬರು ಹೋಗಿ ಒಂದು ಏಟು ಹೊಡೆಯುತ್ತೇವೆ, ಮತ್ತೆ ನಡೆಸುತ್ತೇವೆ. ಸೂಪರ್‌ವೈಸರ್ ದೂರದಿಂದ ನೋಡಿ ಮುಖ ತಿರುಗಿಸುತ್ತಾನೆ. ಕೆಲಸ ಉಳಿದಿದೆ. ಹೊಸಬನ ಕೈಯೂ ಉಳಿದಿದೆ. ಒಳಗಿನದೋ ಹೊರಗಿನದೋ ಎಂದು ಈಗ ನಾನು ಯಾರನ್ನೂ ಕೇಳುವುದಿಲ್ಲ.

ಇದೆಲ್ಲ ಒಂದು ದಿನ ಅಕ್ಕನಿಗೆ ಹೇಳಿದೆ. ಅವಳು ಕೇಳಿಸಿಕೊಂಡು, ಡಾಕ್ಟರ ಹತ್ತಿರ ಯಾವಾಗ ಹೋಗ್ತೀಯಾ ಎಂದಷ್ಟೇ ಕೇಳಿದಳು. ಆ ರಾತ್ರಿ ಊಟಕ್ಕೆ ಕೂತಾಗ ಅವಳು ಸಾರು ಬಡಿಸಿ, ಅಭ್ಯಾಸಬಲದಿಂದ ಸೌಟನ್ನು ಎರಡು ಸಲ ಕುಟ್ಟಿದಳು. ನನ್ನ ಕೈ ನಿಂತಿತು. ಭಾವ ತಲೆ ಎತ್ತಿದರು.

ಅಕ್ಕ ನನ್ನ ಕಡೆ ನೋಡಿ, ಸೌಟನ್ನು ಇನ್ನೊಂದು ಸಲ ಕುಟ್ಟಿದಳು.

"ಹೂಂ, ತಿನ್ನು."

ತಿಂದೆ.