ಸೀಸದ ಮೀನು, ಹರಿಯುವ ದಾರ

ಆಗೆಲ್ಲ ಶಿಡ್ಲಘಟ್ಟದ ನಮ್ಮ ಬೀದಿಗೆ ಬೆಳಗಾಯಿತೆಂದು ಸಾರುತ್ತಿದ್ದುದು ಬೆಂದ ರೇಷ್ಮೆಗೂಡಿನ ವಾಸನೆ. ನೆಂಟರು ಬಂದರೆ ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತಿದ್ದರು. ಮುಚ್ಚಿಕೊಳ್ಳಲಿ, ಮೈಮೇಲಿನ ಸೀರೆ ಎಲ್ಲಿಂದ ಬಂತು ಅಂದುಕೊಂಡಿದ್ದರೋ ಏನೋ. ಮನೆಯ ಹಿಂದೆ ಶೀಟು ಹೊದಿಸಿದ ಶೆಡ್ಡಿನಲ್ಲಿ ಅಪ್ಪ ಅಮ್ಮ ಇಬ್ಬರೂ ನೂಲು ತೆಗೆಯುತ್ತಿದ್ದರು. ಬಿಸಿನೀರಿನ ತೊಟ್ಟಿಯಲ್ಲಿ ತೇಲುವ ಗೂಡುಗಳಿಂದ ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಎಳೆಗಳು ಎದ್ದು, ಪಿಂಗಾಣಿ ಗುಂಡಿಯ ತೂತಿನಲ್ಲಿ ಒಂದಾಗಿ ಹಾದು, ರಾಟೆಗೆ ಸುತ್ತಿಕೊಳ್ಳುತ್ತಿದ್ದವು. ಅಂಥ ಮನೆಯಲ್ಲಿ ಬೆಳೆದವರಿಗೆ ಗೊತ್ತು, ಎಳೆ ಹರಿಯಿತೆಂದರೆ ಎಲ್ಲರ ಮಾತೂ ನಿಲ್ಲುತ್ತದೆ.

ನಾನು ಏಳನೇ ಕ್ಲಾಸಿನಲ್ಲಿದ್ದ ವರ್ಷ ಮಳೆ ಚೆನ್ನಾಗಿ ಬಿದ್ದು ಊರಾಚೆಯ ಕೆರೆ ತುಂಬಿತು. ಅದೇ ವರ್ಷ ಅಕ್ಕ ಚೊಚ್ಚಲ ಹೆರಿಗೆಗೆ ಮನೆಗೆ ಬಂದಳು. ಆಪರೇಷನ್ ಮಾಡಿ ಮಗು ತೆಗೆದರು. ಹೆಣ್ಣು ಮಗು, ದುಂಡಗಿತ್ತು, ಅಳುವುದರಲ್ಲಿ ಗಟ್ಟಿಗಿತ್ತಿ. ಆದರೆ ಆಸ್ಪತ್ರೆಯಿಂದ ಬಂದ ಅಕ್ಕ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟಳು. ಬೆಳ್ಳುಳ್ಳಿ ಹಾಕಿದ ಮೆಣಸಿನ ಸಾರಿನಲ್ಲಿ ಅನ್ನ ಕಲಸಿಟ್ಟರೆ ಒಂದು ತುತ್ತಿಗೇ ತಟ್ಟೆ ತಳ್ಳುತ್ತಿದ್ದಳು. ಮಗುವನ್ನು ಮಗ್ಗುಲಿಗೆ ಹಾಕಿದರೆ ಯಾರದೋ ಮಗು ಎಂಬಂತೆ ನೋಡುತ್ತಿದ್ದಳು. ಹಾಲು ಕಡಿಮೆಯಾಗುತ್ತ ಬಂತು. ಗಾಯ ಒಣಗಿದೆ, ಹೇಗಾದರೂ ಊಟ ಮಾಡಿಸಿ, ಒಬ್ಬಳನ್ನೇ ಬಿಡಬೇಡಿ ಎಂದು ಡಾಕ್ಟರಮ್ಮ ಹೇಳಿ ಕಳಿಸಿದ್ದರು. ಅಮ್ಮ ಶೆಡ್ಡಿನಲ್ಲಿ ಅಪ್ಪನ ಹತ್ತಿರ ಬಾಣಂತಿ ಸನ್ನಿ ಎಂದು ಪಿಸುಗುಟ್ಟಿದ್ದು ನನ್ನ ಕಿವಿಗೆ ಬಿತ್ತು. ಆ ಮಾತಿನ ಅರ್ಥ ನನಗೆ ಪೂರ್ತಿ ತಿಳಿದಿರಲಿಲ್ಲ. ಅಕ್ಕ ಕೈತಪ್ಪಿ ಹೋಗುತ್ತಿದ್ದಾಳೆ ಎಂಬುದು ಮಾತ್ರ ತಿಳಿಯಿತು, ಬಹಳ ಹೆದರಿಕೆಯಾಯಿತು.

ಒಂದು ಸಂಜೆ ಅಪ್ಪ ಕೋಣೆಯ ಬಾಗಿಲ ಹೊರಗೆ ಕೂತು, ಏನು ತಿನ್ನುತ್ತೀಯಮ್ಮ ಎಂದು ಎಂದಿನಂತೆ ಕೇಳಿದ. ಉತ್ತರ ಬರುತ್ತದೆಂದು ಯಾರೂ ಕಾದಿರಲಿಲ್ಲ.

"ಕೊರಮೀನು ಸಾರಿದ್ರೆ ಉಣ್ತೀನಪ್ಪ," ಎಂದಳು ಅಕ್ಕ.

ಎಷ್ಟೋ ದಿನಗಳ ಮೇಲೆ ಅವಳು ಬೇಕು ಎಂದ ಮೊದಲ ವಸ್ತು ಅದು. ಅಪ್ಪ ಆ ಕ್ಷಣವೇ ಎದ್ದುನಿಂತ. ಕೊರಮೀನು ಅಂದರೆ ಹಾವಿನಂಥ ತಲೆಯ ಕಪ್ಪು ಮೀನು, ಜೊಂಡಿನ ಕೆಳಗೆ ಕೆಸರಿನಲ್ಲಿ ಅಡಗಿರುವಂಥದ್ದು. ಆಪರೇಷನ್ ಆದವರಿಗೆ, ಬಾಣಂತಿಯರಿಗೆ ಅದರ ಸಾರು ಕೊಟ್ಟರೆ ಮೈ ಕೂಡುತ್ತದೆ ಎಂದು ನಮ್ಮ ಕಡೆ ನಂಬಿಕೆ. ಊರಿನ ಮಾರ್ಕೆಟ್ಟಿನಲ್ಲಿ ಸಿಗುತ್ತಿದ್ದುದು ಬರೀ ಕಾಟ್ಲಾ ಮೀನು. ಅಪ್ಪ ಮಾರನೆಯ ದಿನ ಬಸ್ಸು ಹತ್ತಿ ಚಿಂತಾಮಣಿಗೆ ಹೋಗಿ ಬರಿಗೈಯಲ್ಲಿ ವಾಪಸ್ಸು ಬಂದ. ಇನ್ನು ಉಳಿದದ್ದು ನಮ್ಮ ಕೆರೆಯೊಂದೇ. ಅದರ ಮೀನೂ ಹರಾಜಾಗಿತ್ತು, ಸೋಮವಾರ ಬಲೆ ಬಿಡುವವರಿದ್ದರು. ಬಲೆ ಬಿದ್ದ ಮೇಲೆ ಗಾಳದವರನ್ನು ಏರಿ ಹತ್ತಲು ಬಿಡುವುದಿಲ್ಲ, ಕೊರಮೀನೂ ಕೆಸರಿನ ಆಳಕ್ಕೆ ಇಳಿದುಬಿಡುತ್ತದೆ.

ಕೊರಮೀನಿಗೆ ಎಲ್ಲರೂ ಗಾಳಕ್ಕೆ ಜೀವಂತ ಕಪ್ಪೆ ಚುಚ್ಚುತ್ತಾರೆ. ಬಾಣಂತಿ ಇರುವ ಮನೆಯವರು ಅಂಥ ಕೆಲಸ ಮಾಡಕೂಡದೆಂದು ಅಮ್ಮ ಖಡಾಖಂಡಿತವಾಗಿ ಹೇಳಿದಳು. ದಿನಕ್ಕೆ ಸಾವಿರಾರು ಹುಳ ಬೇಯಿಸುವ ಮನೆಗೆ ಈ ಕರುಣೆ ಎಲ್ಲಿಂದ ಬಂತೋ ಎಂದು ಅಪ್ಪ ಗೊಣಗಿದ, ಆದರೆ ಎದುರಾಡಲಿಲ್ಲ. ಹುಡುಗನಾಗಿದ್ದಾಗ ಗೌರಿಬಿದನೂರಿನ ನೆಂಟರಲ್ಲಿ ಕಲಿತಿದ್ದ ಇನ್ನೊಂದು ವಿದ್ಯೆಗೆ ಕೈಹಾಕಿದ, ಅದೇ ಕಪ್ಪೆಯ ಬದಲು ಕೊರಮೀನನ್ನು ಮರುಳುಮಾಡುವ ಸೀಸದ ಮೀನು. ಪಂಕ್ಚರ್ ಅಂಗಡಿಯಿಂದ ತಂದ ಸೀಸದ ಚೂರುಗಳನ್ನು ಕರಗಿಸಿ, ಒಣಗಿದ ಜೇಡಿಮಣ್ಣಿನ ಅಚ್ಚಿನಲ್ಲಿ ಗಾಳ ಇಟ್ಟು ಹೊಯ್ದರೆ, ಗಾಳದ ಬೆನ್ನಿಗೆ ಬೆರಳಿನ ತುದಿಯಷ್ಟು ಸೀಸದ ಮೈ ಅಂಟಿಕೊಳ್ಳುತ್ತದೆ. ದಾರ ಕಟ್ಟುವ ಸಣ್ಣ ಉಂಗುರ ತಲೆಯ ಬಳಿ ಹೊರಗೆ ಇರುತ್ತದೆ. ಸಂಕ್ರಾಂತಿಗೆ ಎತ್ತಿನ ಕೊಂಬಿಗೆ ಬಳಿದು ಮಿಕ್ಕಿದ ಕೆಂಪು ಪೇಂಟನ್ನು ಪಕ್ಕದ ಮನೆಯವರು ಕೊಟ್ಟರು. ಅಪ್ಪ ಒಂದೊಂದನ್ನೂ ಡಬ್ಬಿಯಲ್ಲಿ ಪೂರ್ತಿ ಅದ್ದಿ, ಗಾಳದ ಕೊಕ್ಕೆಯಿಂದ ತಲೆಕೆಳಗಾಗಿ ನೇತುಹಾಕಿದ. ಒಣಗಿದಾಗ ಪೇಂಟು ಇಳಿದು ಉಂಗುರ ಮುಚ್ಚಿಹೋಗಿತ್ತು. ಅದಕ್ಕೆ ದಬ್ಬಣ ಚುಚ್ಚಿ ತೂತು ಮಾಡಿದ. ಹಳದಿ ಬಣ್ಣದಲ್ಲಿ ಕಣ್ಣಿಟ್ಟವಳು ನಾನು. ನೋಡಲು ಅಷ್ಟು ಚೆಂದವಾಗಿದ್ದವು, ನಾನೇ ನುಂಗಿಬಿಡಬೇಕು ಅನ್ನಿಸುತ್ತಿತ್ತು.

ಮೊದಲ ದಿನವೇ ಮೀನು ಕಚ್ಚಿತು. ಜೊಂಡಿನ ಅಂಚಿಗೆ ಎಸೆದು ದಾರ ಜಗ್ಗಿ ಜಗ್ಗಿ ಬಿಡುತ್ತಿದ್ದ ಅಪ್ಪನ ಕೈ ಥಟ್ಟನೆ ಮುಂದಕ್ಕೆ ಹೋಯಿತು, ನೀರು ಕುದಿದಂತೆ ಎದ್ದಿತು, ಅಷ್ಟರಲ್ಲಿ ದಾರ ಸಡಿಲಾಗಿ ತೇಲಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಮನೆಗೆ ಬಂದರೆ ಅಕ್ಕ ಕೋಣೆಯಿಂದಲೇ ಸಿಕ್ಕಿತಾ ಎಂದು ಕೇಳಿದಳು. ನಾಳೆ ಸಿಗುತ್ತದೆ ಎಂದ ಅಪ್ಪ.

ನೂಲಿನವನಲ್ಲವೇ, ದೋಷವೆಲ್ಲ ದಾರದ್ದೇ ಎಂದು ತೀರ್ಮಾನಿಸಿದ. ರೇಷ್ಮೆಯನ್ನು ಹುರಿ ಮಾಡಿದರೆ ಬಲ ಬರುತ್ತದೆ, ಹಾಗೆಯೇ ನೈಲಾನ್ ದಾರವನ್ನೂ ಎರಡು ಮಡಿಕೆ ಮಾಡಿ ತೊಡೆಯ ಮೇಲೆ ಉಜ್ಜಿ ಹುರಿ ಹಾಕಿದ. ರೇಷ್ಮೆ ಬೇರೆ, ನೈಲಾನ್ ಬೇರೆ. ಅದು ಹಂದಿಯ ಬಾಲದಂತೆ ಸುರುಳಿ ಸುತ್ತಿಕೊಂಡು, ಮಾರನೆಯ ದಿನ ಇನ್ನೂ ಬೇಗ ಹರಿಯಿತು. ಆ ಸಂಜೆಯೂ ಅಕ್ಕ ಕೇಳಿದಳು, ದನಿ ಸಣ್ಣಗಿತ್ತು. ಅಪ್ಪ ದಪ್ಪ ದಾರ ತಂದ. ಮೂರನೆಯ ದಿನ ಅದೂ ಹರಿಯಿತು. "ಕುಣಿಯಲಾರದೋಳು ನೆಲ ಡೊಂಕು ಅಂದ್ಲಂತೆ," ಎಂದಳು ಅಮ್ಮ. ಬೇರೆ ದಿನವಾಗಿದ್ದರೆ ಅಪ್ಪ ನಗುತ್ತಿದ್ದ. ಅವತ್ತು ಶೆಡ್ಡಿಗೆ ಹೋಗಿ ಕತ್ತಲಲ್ಲಿ ಸುಮ್ಮನೆ ಕೂತ.

ಆ ಸಂಜೆ ಅಕ್ಕ ಏನೂ ಕೇಳಲಿಲ್ಲ.

ನಾನು ಕೋಣೆಯೊಳಗೆ ಇಣುಕಿದೆ. ಮಗು ಅಳುತ್ತಿತ್ತು, ಅಕ್ಕ ಸುಣ್ಣದ ಗೋಡೆಯನ್ನು ನೋಡುತ್ತಿದ್ದಳು. ಕೇಳುವುದನ್ನೇ ಬಿಟ್ಟಳಲ್ಲ ಎಂದು ನನಗೆ ಅಳು ಬಂತು, ಅಪ್ಪನ ಮೇಲೂ ಕೆರೆಯ ಮೇಲೂ ಸಿಟ್ಟು ಬಂತು. ಮಾರನೆಯ ದಿನ ಭಾನುವಾರ. ಉಳಿದಿದ್ದುದು ಒಂದೇ ಸೀಸದ ಮೀನು.

ಬೆಳಿಗ್ಗೆ ಶೆಡ್ಡಿನಲ್ಲಿ ಹರಿದ ದಾರದ ತುದಿಯನ್ನು ಕೈಗೆತ್ತಿಕೊಂಡು ನೋಡಿದೆ. ಗಂಟು ಬಿಚ್ಚಿಕೊಂಡಿದ್ದರೆ ತುದಿ ಸುರುಳಿಯಾಗಿರಬೇಕು. ಎಳೆತಕ್ಕೆ ಸೋತಿದ್ದರೆ ಎಲ್ಲೋ ನಡುವೆ ಹರಿಯಬೇಕು. ಇದು ಪ್ರತಿ ಸಲವೂ ಗಂಟಿನ ಹತ್ತಿರವೇ ಹರಿದಿತ್ತು, ತುದಿ ಇಲಿ ಕಡಿದ ಹಾಗೆ ಸಿಬಿರಾಗಿತ್ತು. ಅಂಥ ತುದಿಯನ್ನು ನಾನು ದಿನಾ ನೋಡುತ್ತಿದ್ದೆ. ಪಿಂಗಾಣಿ ಗುಂಡಿಯ ತೂತು ಎಲ್ಲಾದರೂ ಚಕ್ಕೆ ಎದ್ದಿದ್ದರೆ ರೇಷ್ಮೆ ಎಳೆ ಹೀಗೇ ಸವೆದು ಹರಿಯುತ್ತದೆ. ಆಗ ಅಮ್ಮ ಒಂದು ಒಂಟಿ ಎಳೆಯನ್ನು ತೂತಿನಲ್ಲಿ ಹಾಯಿಸಿ ನೋಡುತ್ತಾಳೆ. ಜಾರಿದರೆ ಗುಂಡಿ ಸರಿ, ತಡೆದರೆ ಗುಂಡಿ ಬದಲು.

ರಾಟೆಯಿಂದ ಒಂದು ಎಳೆ ಕಿತ್ತು ಸೀಸದ ಮೀನಿನ ಉಂಗುರದಲ್ಲಿ ಹಾಯಿಸಿದೆ. ಎಳೆ ತಡೆಯಿತು, ಇನ್ನಷ್ಟು ಎಳೆದರೆ ನಾರುನಾರಾಗಿ ಎದ್ದು ಹರಿದೇ ಹೋಯಿತು. ದಬ್ಬಣ ಚುಚ್ಚಿದ್ದ ಕಡೆ ಗಟ್ಟಿ ಪೇಂಟಿನ ಅಂಚು ಗರಗಸದ ಹಾಗೆ ಉಳಿದಿತ್ತು. ಅಪ್ಪನನ್ನು ಕರೆದು ತೋರಿಸಿದೆ. ಅವನು ಉಂಗುರವನ್ನು ಬೆಳಕಿಗೆ ಹಿಡಿದು ನೋಡಿದ. ಪೇಂಟನ್ನು ಬ್ಲೇಡಿನಿಂದ ಕೆರೆದು, ಹತ್ತಿಯ ದಾರಕ್ಕೆ ಒಲೆಯ ಬೂದಿ ಹಚ್ಚಿ ಉಂಗುರದಲ್ಲಿ ಹಿಂದೆ ಮುಂದೆ ಎಳೆದ. ನಾನು ರೇಷ್ಮೆ ಎಳೆ ಹಾಯಿಸಿ ನೋಡುವುದು, ಅವನು ಮತ್ತೆ ಉಜ್ಜುವುದು. ಬಿಸಿಲು ಏರುವ ಹೊತ್ತಿಗೆ ಎಳೆ ಜಾರಿತು.

ಕೆರೆಯಲ್ಲಿ ಮಧ್ಯಾಹ್ನವಿಡೀ ಒಂದೂ ಕಚ್ಚಲಿಲ್ಲ. ಏರಿಯ ಕೆಳಗೆ ಬಲೆಯವರು ಆಗಲೇ ತೆಪ್ಪ ಇಳಿಸಿ ಕಟ್ಟುತ್ತಿದ್ದರು, ಇವತ್ತಿಗೆ ಮುಗಿಸಿ ಎಂದು ಅಪ್ಪನಿಗೆ ಕೂಗಿ ಹೇಳಿದರು. ಸೂರ್ಯ ಮೂಡಲಿನ ಅಂಬಾಜಿದುರ್ಗದ ಬೆಟ್ಟಕ್ಕೆ ಬೆನ್ನು ಹಾಕಿ ಇಳಿಯುತ್ತಿದ್ದ. ಆಗ ಜೊಂಡಿನೊಳಗೆ ನೀರು ಉಬ್ಬಿತು. ಅಪ್ಪನ ಕೈಯಲ್ಲಿ ದಾರ ಸರ್ರನೆ ಓಡಿ, ಬೆರಳು ಕುಯ್ದು ರಕ್ತ ಬಂತು. ಮೀನು ಜೊಂಡಿನ ಬೇರಿಗೆ ಸುತ್ತಿಕೊಂಡಿತು. ಎಳೆದರೆ ಹರಿಯುತ್ತದೆ, ಬಿಟ್ಟರೆ ಹೋಗುತ್ತದೆ.

"ಹಿಡ್ಕೊಳ್ಳಮ್ಮ, ಎಳೀಬೇಡ. ನಾನು ಇಳೀತೀನಿ," ಎಂದು ಅಪ್ಪ ದಾರವನ್ನು ನನ್ನ ಕೈಗೆ ಕೊಟ್ಟು ಎದೆಮಟ್ಟದ ನೀರಿಗೆ ಇಳಿದ.

ದಾರದ ಆ ತುದಿಯಲ್ಲಿ ಮೀನು ಒದ್ದಾಡುವುದೆಲ್ಲ ನನ್ನ ಅಂಗೈಗೆ ತಿಳಿಯುತ್ತಿತ್ತು. ಹರಿಯಬೇಡ, ಹರಿಯಬೇಡ ಎಂದು ಹಲ್ಲು ಕಚ್ಚಿ ನಿಂತಿದ್ದೆ. ಕೈವಾರದ ತಾತಯ್ಯನಿಗೂ ಹರಕೆ ಹೊತ್ತೆ, ಅಂಥ ಸಂತನಿಗೆ ಮೀನಿಗಾಗಿ ಹರಕೆ ಹೊರಬಾರದು ಎಂಬುದು ಹೊಳೆದದ್ದು ಆಮೇಲೆ. ಅಪ್ಪ ಒಮ್ಮೆ ಮುಳುಗಿದ. ಎದ್ದಾಗ ತಲೆಯ ತುಂಬ ಪಾಚಿ, ಎರಡು ಕೈಯಲ್ಲಿ ಎದೆಗೆ ಅವುಚಿಕೊಂಡ ಕರಿಯ ಮೀನು.

ಅಮ್ಮ ಮೆಣಸು, ಬೆಳ್ಳುಳ್ಳಿ, ಚೂರೇ ಚೂರು ಹುಣಸೆ ಹಾಕಿ ಸಾರು ಮಾಡಿದಳು. ಅಕ್ಕನ ಮುಂದೆ ತಟ್ಟೆ ಇಟ್ಟು, ಸೌಟು ಹಿಡಿದುಕೊಂಡೇ ನಿಂತಳು. ನಾನು ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದೆ. ಅಪ್ಪ ಬಾಗಿಲ ಹೊರಗೆ ಒದ್ದೆ ಬಟ್ಟೆಯಲ್ಲೇ ಇದ್ದ. ಅಕ್ಕ ಒಂದು ತುತ್ತು ಬಾಯಿಗಿಟ್ಟು ತುಂಬ ಹೊತ್ತು ಅಗಿದಳು. ನುಂಗಿದಳು. ಇನ್ನೊಂದು ತುತ್ತು ಕಲಸಿದಳು. ಮುಳ್ಳು ಬಿಡಿಸಿ ತಟ್ಟೆಯ ಅಂಚಿಗೆ ಇಟ್ಟಳು. ಯಾರೂ ಅಲುಗಾಡಲಿಲ್ಲ. ತಟ್ಟೆ ಖಾಲಿಯಾದ ಮೇಲೆ ಅವಳು ತಲೆಯೆತ್ತಿ ನಮ್ಮನ್ನೆಲ್ಲ ನೋಡಿದಳು.

"ಹಂಗ್ಯಾಕೆ ನೋಡ್ತೀರ? ಮಗೂನ ಕೊಡೇ ಇಲ್ಲಿ," ಎಂದಳು.

ಅಪ್ಪ ಹೊರಗೆ ಬಿಕ್ಕಿದ್ದು ನನಗೆ ಕೇಳಿಸಿತು.

ಒಂದು ಮೀನಿನಿಂದ ಎಲ್ಲ ಸರಿಹೋಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ದೊಡ್ಡ ಆಸ್ಪತ್ರೆಗೆ ಓಡಾಡಿದೆವು, ಅಕ್ಕ ಬಹಳ ಕಾಲ ಮಾತ್ರೆ ನುಂಗಿದಳು, ಅಳುವ ದಿನಗಳೂ ಇದ್ದವು. ಆದರೆ ಅವಳು ಈ ಕಡೆಗೆ ಮುಖ ತಿರುಗಿಸಿದ್ದು ಆ ರಾತ್ರಿಯಿಂದ. ಆ ಮಗು ಈಗ ಕಾಲೇಜಿನಲ್ಲಿ ಓದುತ್ತಿದ್ದಾಳೆ, ಅವಳಿಗೆ ಮೀನಿನ ವಾಸನೆ ಅಂದರೆ ಆಗುವುದಿಲ್ಲ.

ಈಗ ಕೊರಮೀನನ್ನು ಹೊಂಡದಲ್ಲಿ ಸಾಕುತ್ತಾರೆ. ನಾನಿರುವ ಚಿಕ್ಕಬಳ್ಳಾಪುರದಲ್ಲಿ ಬೇಕೆಂದಾಗ ಜೀವಂತವಾಗಿ ತೂಗಿ ಕೊಡುತ್ತಾರೆ. ಶೆಡ್ಡು ಇಲ್ಲ, ಅಪ್ಪನೂ ಇಲ್ಲ. ಹೋದ ತಿಂಗಳು ಜ್ವರ ಬಂದು ನಾನು ವಾರವಿಡೀ ಮಲಗಿದ್ದೆ. ಮನೆಯವರೆಲ್ಲ ಒಳ್ಳೆಯವರೇ, ಅವರವರ ಕೆಲಸಕ್ಕೆ ಹೋಗುವ ಮುಂಚೆ ಫೋನಿನಲ್ಲೇ ಊಟ ತರಿಸಿ, ತಪ್ಪದೆ ತಿನ್ನು ಎಂದು ಹೇಳಿ ಹೋಗುತ್ತಿದ್ದರು. ಒಂದು ಮಧ್ಯಾಹ್ನ ಮೊದಲ ತುತ್ತು ಬಾಯಿಗಿಟ್ಟುಕೊಂಡು, ಯಾಕೋ ನುಂಗದೆ ಬಾಗಿಲ ಕಡೆ ನೋಡಿದೆ. ನುಂಗುತ್ತೇನೋ ಎಂದು ಕಾಯುವವರು ಅಲ್ಲಿ ಯಾರೂ ಇರಲಿಲ್ಲ. ನುಂಗಿದೆ.