ಗುಬ್ಬಿ ಮೇಡಂ ಬಿಟ್ಟ ಮೂರು ಖಾಲಿ ಜಾಗ

ಕುಣಿಗಲ್ಲಿನ ನಮ್ಮ ಭಾವ ಆಫ್ರಿಕಾದಲ್ಲಿ, ಫ್ರೆಂಚ್ ಮಾತಾಡುವ ಒಂದು ದೇಶದಲ್ಲಿ ಮೆಕ್ಯಾನಿಕ್ ಆಗಿದ್ದವರು. ಅಲ್ಲೇ ಕ್ಯಾನ್ಸರ್ ಗೊತ್ತಾಗಿ, ಮೂರು ಸಲ ಕೀಮೋ ಹಾಕಿಸಿಕೊಂಡು, ಒಂದು ಕಟ್ಟು ಫ್ರೆಂಚ್ ಕಾಗದ ಹಿಡಿದು ಊರಿಗೆ ಬಂದರು. ತುಮಕೂರಿನ ಡಾಕ್ಟರು ಕಟ್ಟು ತಿರುವಿ ಹಾಕಿ, ಇಂಗ್ಲಿಷಿಗೆ ಮಾಡಿಸಿ ತನ್ನಿ ಎಂದರು. ಆ ಕೀಮೋದಲ್ಲಿನ ಒಂದು ಔಷಧಿಗೆ ಜೀವಮಾನಕ್ಕೆ ಇಷ್ಟೇ ಎಂಬ ಮಿತಿಯಂತೆ. ಮೀರಿದರೆ ಹೃದಯಕ್ಕೆ ಪೆಟ್ಟು. ಈವರೆಗೆ ಎಷ್ಟು ಹೋಗಿದೆ ಎಂದು ತಿಳಿಯದೆ ಮುಂದಿನ ಡೋಸ್ ಹಾಕುವಂತಿಲ್ಲ.

ಭಾವನನ್ನೇ ಕೇಳಿದೆ. "ಮೂರ್ನೇ ಸಲ ಚಳಿಜ್ವರ ಕಣೋ. ಯಾರ್ ಬಂದ್ರು, ಯಾರ್ ಹೋದ್ರು, ಒಂದೂ ಗ್ಯಾಪಕ ಇಲ್ಲ."

ಹಿರೇಹಳ್ಳಿಯ ಕಾರ್ಖಾನೆಯೊಂದಕ್ಕೆ ಫ್ರೆಂಚ್ ಯಂತ್ರಗಳ ಪುಸ್ತಕ ಅನುವಾದಿಸಿದ್ದ ಒಬ್ಬರನ್ನು ಹಿಡಿದೆ. ಎರಡೇ ದಿನದಲ್ಲಿ ಟೈಪ್ ಮಾಡಿ, ಬೈಂಡ್ ಹಾಕಿಸಿ ಕೊಟ್ಟರು. ನೋಡಲು ಬಲು ಚೆಂದ. ಡಾಕ್ಟರು ಎರಡು ಪುಟ ಅಕ್ಕಪಕ್ಕ ಹಿಡಿದರು.

"ಇಲ್ಲಿ ಮೂರನೇ ಡೋಸ್ ಪೂರ್ತಿ ಕೊಟ್ಟಿದೆ ಅಂತಿದೆ. ಇಲ್ಲಿ ಮಧ್ಯದಲ್ಲೇ ನಿಲ್ಸಿದಾರೆ ಅಂತಿದೆ. ಯಾವ್ದು ನಂಬ್ಲಿ?"

ಮತ್ತೆ ಹುಡುಕಾಟ. ಕಂಡಕಂಡವರನ್ನು ಕೇಳಿ, ಕೊನೆಗೆ ಗುಬ್ಬಿಯಲ್ಲಿ ಸಿಕ್ಕರು, ಕಾಲೇಜಿನಲ್ಲಿ ಫ್ರೆಂಚ್ ಕಲಿಸಿ ನಿವೃತ್ತರಾದ ಒಬ್ಬ ಮೇಡಂ. ನರ್ಸ್ ಆಗಿರುವ ಸೊಸೆಯನ್ನು ಪಕ್ಕಕ್ಕೆ ಕೂರಿಸಿಕೊಂಡರು. "ಭಾಷೆ ನಂದು, ಮದ್ದು ಇವಳ್ದು" ಎಂದರು. ಒಂದೊಂದು ಸಾಲನ್ನೂ ಗಟ್ಟಿಯಾಗಿ ಓದಿ, ಸೊಸೆ ಹೂಂ ಅಂದ ಮೇಲೇ ಬರೆದುಕೊಳ್ಳುತ್ತಿದ್ದರು. ವಾರವಾಯಿತು. ಕೈಗೆ ಬಂದ ಹಾಳೆಗಳಲ್ಲಿ ಮೂರು ಕಡೆ ಖಾಲಿ, ಸುತ್ತ ಕೆಂಪು ಗೆರೆ!

ನಾನು ಗೋಗರೆದೆ. "ಮೇಡಂ, ಅಂದಾಜಿಗೆ ಏನಾದ್ರೂ ಒಂದ್ ಹಾಕ್ಬಿಡಿ. ಡಾಕ್ಟ್ರು ಬೈತಾರೆ."

"ಅಂದಾಜಿಗೆ ಹಾಕೋಕೆ ಇದೇನು ಸಾರಿಗೆ ಉಪ್ಪಾ? ನಿಮ್ ಭಾವನ ಮೈಗೆ ಹೋಗೋದು ಕಣಪ್ಪ. ಅಕ್ಷರ ಅಳಿಸಿಹೋಗಿದೆ, ನನಗೆ ಓದೋಕಾಗ್ಲಿಲ್ಲ. ಹಾಗೇ ಹೇಳು."

ಹೆದರುತ್ತಲೇ ಡಾಕ್ಟರ ಮುಂದೆ ಇಟ್ಟೆ. ಅವರು ಬೈಯಲಿಲ್ಲ. "ಯಾರ್ರೀ ಇವರು? ಇವರು ಬರೆದಿರೋದನ್ನ ನಂಬಬಹುದು. ಈ ಮೂರನ್ನ ಆ ಆಸ್ಪತ್ರೆಗೇ ಕೇಳ್ಸಿ" ಎಂದರು.

ಮೇಡಂ ಫ್ರೆಂಚಿನಲ್ಲೇ ಮೇಲ್ ಬರೆದರು. ನಾಲ್ಕನೇ ದಿನ ಮೂರಕ್ಕೂ ಉತ್ತರ ಬಂತು: ಮೂರನೇ ಸಲ ಜ್ವರ ಬಂದು ಅರ್ಧಕ್ಕೇ ನಿಲ್ಲಿಸಿದ್ದರು. ಡಾಕ್ಟರು ಲೆಕ್ಕ ಹಾಕಿ, ಮಿತಿ ಇನ್ನೂ ದೂರವಿದೆ, ಧೈರ್ಯವಾಗಿ ಮುಂದುವರಿಸಬಹುದು ಎಂದರು.

ಸೋಮವಾರ ಡ್ರಿಪ್ ಹತ್ತಿತು. ಅಕ್ಕ ಕಣ್ಣೊರೆಸಿಕೊಂಡು ನಕ್ಕಳು. ಭಾವ ನನ್ನನ್ನು ಹತ್ತಿರ ಕರೆದರು.

"ಲೇ, ಆ ಮೇಡಂನ ಕುಣಿಗಲ್‌ಗೆ ಊಟಕ್ ಕರಿಯೋ. ಮುದ್ದೆ ನುಂಗೋಕೆ ಬರ್ತದಾ ಕೇಳು, ಇಲ್ದಿದ್ರೆ ಅನ್ನ ಮಾಡ್ಸೋಣ."